ಮಾತು ತಿರುಗಿ ಬರದ ಖೋಲಿ

ಖಾಲಿ ಮನೆಗೆ ದೆವ್ವ ಹೊಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಪುಣೆಯ ವಾಕಡದ ನಿಜಲಿಂಗಪ್ಪನ ಫ್ಲ್ಯಾಟಿನಲ್ಲಿ ಖಾಲಿಯಾದದ್ದು ಒಂದೇ ಖೋಲಿ. ಹೀಗಾಗಿ ದೆವ್ವ ಪೂರ್ತಿ ಬರಲಿಲ್ಲ, ಅದರ ಧ್ವನಿಯಷ್ಟೇ ಬಂತು.

ಮಗಳು ತ್ರಿವೇಣಿ ಲಗ್ನವಾಗಿ ಮಗರಪಟ್ಟಾದ ಗಂಡನ ಮನೆಗೆ ಹೋದಾಗ ಅವಳ ಖೋಲಿಯ ಮಂಚ, ಕಪಾಟು, ಕಿಟಕಿಯ ಪರದೆ, ಗೋಡೆಯ ಮೇಲಿನ ಗಡಿಯಾರ ಎಲ್ಲವೂ ಟೆಂಪೋ ಹತ್ತಿ ಅವಳ ಹಿಂದೆಯೇ ಹೋದವು. ಉಳಿದದ್ದು ನಾಲ್ಕು ಬೋಳು ಗೋಡೆ ಮತ್ತು ನುಣ್ಣನೆಯ ಫರಸಿ. ಒಂದು ಭಾನುವಾರ ನಿಜಲಿಂಗಪ್ಪ ಕಾಣೆಯಾದ ಚಪ್ಪಲಿಯನ್ನು ಹುಡುಕುತ್ತ ಅಲ್ಲಿಗೆ ಹೊಕ್ಕು, ಸುಮ್ಮನೆ ಒಮ್ಮೆ ಗಂಟಲು ಸರಿಮಾಡಿಕೊಂಡ. ಗೋಡೆಗಳು ಆ ಕೆಮ್ಮನ್ನು ಹಿಡಿದು, ಉಬ್ಬಿಸಿ, ಭಾರ ಮಾಡಿ, ಅವನ ಬೆನ್ನ ಹಿಂದಿನಿಂದ ಮರಳಿಸಿದವು. ನಿಜಲಿಂಗಪ್ಪನ ಮೈಯ ಕೂದಲು ನಿಮಿರಿ ನಿಂತವು. ಅವನ ಅಪ್ಪ ಊರ ಗುಡಿಯಲ್ಲಿ ಪುರಾಣ ಓದಲು ಕೂರುವ ಮೊದಲು ಕೆಮ್ಮುತ್ತಿದ್ದುದು ಹೀಗೆಯೇ.

"ಯಪ್ಪಾ?" ಎಂದ ನಿಜಲಿಂಗಪ್ಪ.

"ಅಪ್ಪಾ... ಪ್ಪಾ..." ಎಂದಿತು ಖೋಲಿ.

"ಯಾರ್ರೀ ಬಂದವ್ರು?" ಎಂದು ಅಡಿಗೆಮನೆಯಿಂದ ಹೆಂಡತಿ ಕಾಶವ್ವ ಕೂಗಿದಳು.

"ನಮ್ಮಪ್ಪ!"

"ಹಂಗಾರ ಇನ್ನೊಂದು ಕಪ್ ಚಾ ಇಡ್ತೀನಿ ತಡೀರಿ," ಎಂದವಳಿಗೆ, ಮಾವ ತೀರಿಕೊಂಡದ್ದು ತನ್ನ ಮದುವೆಗಿಂತಲೂ ಹಳೆಯ ಸಂಗತಿ ಎಂಬುದು ಸಕ್ಕರೆ ಹಾಕುವಾಗ ನೆನಪಾಯಿತು. ಚಮಚೆ ಕೈಜಾರಿ ಬಿತ್ತು.

ಕಾಶವ್ವ ಸುಮ್ಮಸುಮ್ಮನೆ ಹೆದರುವವಳಲ್ಲ. ಅತ್ತೆಯಿಲ್ಲದ ಮನೆ ಬೇಕೆಂದು ಅವಳ ತವರಿನವರು ಹುಡುಕಿ ಹುಡುಕಿ ಕೊಟ್ಟ ಮನೆ ಇದು. ನಿಜಲಿಂಗಪ್ಪ ಅಂಬೆಗಾಲಿಡುವಾಗಲೇ ಅವನ ತಾಯಿ ಮಲಕವ್ವ ಹೋಗಿಬಿಟ್ಟಿದ್ದಳು. ಅವಳದೊಂದು ಫೋಟೋ ಸಹ ಇರಲಿಲ್ಲ. ಹೀಗಾಗಿ ಕಾಶವ್ವ ಯಾರಿಗೂ ಸೆರಗು ಹೊದೆಯದೆ, ಯಾರಿಗೂ ಉತ್ತರ ಕೊಡದೆ, ತನಗೆ ಬೇಕಾದಾಗ ಒಲೆ ಹಚ್ಚಿ ಸಂಸಾರ ಮಾಡಿದವಳು. ವರ್ಷಕ್ಕೊಮ್ಮೆ ಬಂದು ಹೋಗುವ ಗಂಡನ ಸೋದರತ್ತೆ ಸಾಬವ್ವನನ್ನು ಅತ್ತೆಯೆಂದು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ.

ಇನ್ನು ನಿಜಲಿಂಗಪ್ಪ. ಪಂಪು ಮೋಟಾರು ಮಾರುವ ಅಂಗಡಿಯೊಂದರಲ್ಲಿ ಹಿರಿಯ ಗುಮಾಸ್ತ. ದೇವರು ಅವನಿಗೆ ಒಳ್ಳೆಯ ಮೀಸೆ ಕೊಟ್ಟಿದ್ದ, ಮೀಸೆಗೆ ತಕ್ಕ ಧ್ವನಿ ಕೊಡಲು ಮರೆತಿದ್ದ. ಅವನು ಫೋನೆತ್ತಿ ಹಲೋ ಎಂದರೆ ಆ ಕಡೆಯವರು, "ಮ್ಯಾಡಮ್, ಸೇಟ್‌ಜೀ ಇದ್ದಾರಾ?" ಎನ್ನುತ್ತಿದ್ದರು. ಇದು ಪುಣೆಯ ನೆಟ್‌ವರ್ಕಿನ ದೋಷವೆಂದು ಅವನು ನಂಬಿಕೊಂಡಿದ್ದ. ತನ್ನ ಒಳಗೆಲ್ಲೋ ಅಪ್ಪನ ಗುಡುಗಿನಂಥ ಧ್ವನಿ ಅಡಗಿದೆ, ಸರಿಯಾದ ಜಾಗ ಸಿಕ್ಕರೆ ಅದು ಹೊರಬೀಳುತ್ತದೆ ಎಂಬುದು ಅವನ ಬಹುಕಾಲದ ಭರವಸೆ. ಈಗ ಜಾಗ ಸಿಕ್ಕಿತು.

ಕಾಲವೂ ಕೂಡಿಬಂತು. ಪುಣೆಯ ಅವರ ಸಮಾಜದಲ್ಲಿ ಶ್ರಾವಣ ಮಾಸವಿಡೀ ಪುರಾಣ ಓದುತ್ತಿದ್ದ ಸಿದ್ದಾರೂಢ ಎಂಬ ಹಿರಿಯರು ಹಲ್ಲು ಕೀಳಿಸಿಕೊಂಡು ಮೌನಕ್ಕೆ ಶರಣಾಗಿದ್ದರು. ಈ ಸಲ ಯಾರಾದರೂ ಮನೆಯಲ್ಲೇ ಓದಿ ರೆಕಾರ್ಡು ಮಾಡಿ ಕಳಿಸಬೇಕು, ಅದನ್ನು ದಿನಾ ಮುಂಜಾನೆ ಎಲ್ಲರ ಮೊಬೈಲಿಗೆ ಬಿಡುವುದು ಎಂದು ಕಮಿಟಿ ಠರಾವು ಮಾಡಿತು. ನಿಜಲಿಂಗಪ್ಪ ಅಂದೇ ಮೈಕು ತಂದ. ಅಷ್ಟಕ್ಕೇ ನಿಲ್ಲದೆ ಅಫಜಲಪುರದ ಕಡೆಯ ಊರಲ್ಲಿದ್ದ ಸಾಬವ್ವನಿಗೆ ಫೋನು ಹಚ್ಚಿದ. ಸಾಬವ್ವನ ಕಣ್ಣಿಗೆ ಮಂಜು ಕವಿದಿತ್ತು, ಆಯುಸ್ಸಿನ ಮೇಲೆ ನಂಬಿಕೆ ಹೋಗಿತ್ತು.

"ನನಗ ಇನ್ನೇನೂ ಆಸಿ ಇಲ್ಲೋ ನಿಜಲಿಂಗಾ. ನಮ್ಮಣ್ಣನ ಧ್ವನಿ ಒಮ್ಮಿ ಕಿವಿಗಿ ಬಿದ್ರ, ನಾ ಸುಖದಿಂದ ಕಣ್ಣ ಮುಚ್ಚತೀನಿ," ಎಂದಳು ಅವಳು.

"ಶ್ರಾವಣಕ್ಕ ಬಾ ಸಾಬತ್ತಿ. ಅಪ್ಪನ ಧ್ವನಿ ಕೇಳಸ್ತೀನಿ. ಇದು ನನ್ನ ಮಾತು."

ಸತ್ತವರ ಪರವಾಗಿ ಮಾತು ಕೊಡಬಾರದು. ಆದರೆ ಬುದ್ಧಿ ಹೇಳುವವರು ಅಲ್ಲಿ ಯಾರಿದ್ದರು? ಕಾಶವ್ವ ಇದ್ದಳು, ಹೇಳಿಯೂ ಹೇಳಿದಳು, ಅದನ್ನು ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಮೊದಲ ರೆಕಾರ್ಡು ಕೇಳಿದ ಮರುದಿನವೇ ಶಮಂತ್ ಮನೆಗೆ ಬಂದ. ಬೆಂಗಳೂರಿನವನು, ಹಿಂಜವಡಿಯಲ್ಲಿ ಕೆಲಸ, ಸಮಾಜದ ರೆಕಾರ್ಡಿಂಗ್ ಉಸ್ತುವಾರಿ ಅವನದು. ಬಂದವನು ಚಹಾ ಸಹ ಮುಟ್ಟದೆ ಮೆಲುದನಿಯಲ್ಲಿ ಕೇಳಿದ.

"ಸರ್, ನೀವು ಓದುವಾಗ ರೂಮಲ್ಲಿ ನಿಮ್ಮ ಜೊತೆ ಇನ್ಯಾರಿದ್ರು?"

"ಯಾರೂ ಇಲ್ರೀ. ನಾ ಒಬ್ಬಾಂವನ."

"ಇಲ್ಲ ಸರ್. ನೀವು ಒಂದು ಮಾತು ಓದಿದ ಮೇಲೆ ಹಿಂದಿನಿಂದ ಇನ್ನೊಬ್ರು ಅದನ್ನೇ ಓದ್ತಾರೆ. ಬಾವಿ ಒಳಗೆ ಕೂತು ಓದಿದ ಹಾಗಿದೆ. ನಮ್ಮ ಹೆಂಡ್ತಿ ಕೇಳಿ ದೀಪ ಆರಿಸೋಕೇ ಬಿಡಲಿಲ್ಲ."

ನಿಜಲಿಂಗಪ್ಪನ ಮುಖ ಅರಳಿತು. "ಅವ್ರು ನಮ್ಮಪ್ಪ," ಎಂದ ಅಭಿಮಾನದಿಂದ.

ಶಮಂತ್ ಕುರ್ಚಿಯನ್ನು ಬಾಗಿಲ ಕಡೆಗೆ ಸ್ವಲ್ಪ ಸರಿಸಿಕೊಂಡ. ಆಮೇಲೆ ಧೈರ್ಯ ತಂದುಕೊಂಡು ಖೋಲಿಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆದ. ಬಟ್ಟೆ ಹರಿದಂತೆ ಚರ್‌ ಎಂದು ಸದ್ದು ಗೋಡೆಯಿಂದ ಗೋಡೆಗೆ ಓಡಾಡಿ ನಿಂತಿತು.

"ಇದು ನೋಡಿ ಸರ್. ಅಪ್ಪ ಅಲ್ಲ, ಗೋಡೆ. ಮೈಕು ನಿಮ್ಮನ್ನ ಒಂದು ಸಲ ಕೇಳುತ್ತೆ, ಗೋಡೆನ ಹತ್ತು ಸಲ ಕೇಳುತ್ತೆ. ಬೋಳು ಗೋಡೆ ಕನ್ನಡಿ ಇದ್ದಂಗೆ, ಬಿದ್ದದ್ದನ್ನೆಲ್ಲ ವಾಪಸ್ ಎಸೆಯುತ್ತೆ. ಅದನ್ನ ನುಂಗೋ ಅಂಥದ್ದೇನಾದ್ರೂ ರೂಮಲ್ಲಿ ಹಾಕಿ. ಆಮೇಲೆ ನಿಮ್ಮ ನಿಜವಾದ ಧ್ವನಿ ಸಿಗುತ್ತೆ."

ನಿಜವಾದ ಧ್ವನಿ! ಗೋಡೆಗಳೇ ಅಪ್ಪನನ್ನು ಇಷ್ಟು ಹೊರಗೆ ತಂದಿರುವಾಗ, ಗೋಡೆಗಳ ಕಾಟ ತಪ್ಪಿಸಿದರೆ ಅಪ್ಪ ಪೂರ್ತಿಯಾಗಿ ಬರುತ್ತಾನೆ ಎಂದು ನಿಜಲಿಂಗಪ್ಪ ಲೆಕ್ಕ ಹಾಕಿದ. ಎಲ್ಲ ತಪ್ಪು ಲೆಕ್ಕಗಳಂತೆ ಇದೂ ನೋಡಲು ಸರಿಯಾಗಿಯೇ ಇತ್ತು.

ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಗೋಡೆಗೆ ತತ್ತಿಯ ಟ್ರೇ ಅಂಟಿಸಿದ್ದನ್ನು ನಿಜಲಿಂಗಪ್ಪ ನೋಡಿದ. ಮರುದಿನ ಸಂಜೆ, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಎರಡೂ ತೋಳುಗಳಲ್ಲಿ ಗದ್ದದವರೆಗೆ ತತ್ತಿಯ ಖಾಲಿ ಟ್ರೇಗಳನ್ನು ಅಪ್ಪಿಕೊಂಡು ಅವನು ಲಿಫ್ಟ್ ಹತ್ತಿದ. ಲಿಫ್ಟಿನಲ್ಲಿ ರಂಗೂಬಾಯಿ ಇದ್ದಳು. ಪಕ್ಕದ ಫ್ಲ್ಯಾಟಿನವಳು, ಅಕ್ಕಲಕೋಟದ ಕಡೆಯವಳು, ಮರಾಠಿ ಕನ್ನಡ ಎರಡೂ ಬಲ್ಲವಳು. ಹೀಗಾಗಿ ಒಂದೇ ಸುದ್ದಿಯನ್ನು ಎರಡು ಭಾಷೆಯಲ್ಲಿ ಹಂಚುವ ಶಕ್ತಿ ಅವಳಿಗಿತ್ತು.

"ಅಗಂಬಾಯಿ! ಇಷ್ಟೆಲ್ಲಾ ನೀವೊಬ್ರ ತಿಂದ್ರೇನ್ರೀ?" ಎಂದಳು.

"ಇವು ತಿನ್ನಾಕಲ್ರೀ ಬಾಯೀ, ಗೋಡೆಗೆ ಹಚ್ಚಾಕ."

ಗೋಡೆಗೆ ಹಚ್ಚಲು ಎಂಬ ಮಾತನ್ನು ರಂಗೂಬಾಯಿ ನಂಬಲಿಲ್ಲ. ಯಾರು ನಂಬುತ್ತಾರೆ? ರಾತ್ರಿಯ ಊಟದ ಹೊತ್ತಿಗೆ, ಮಗಳ ಲಗ್ನವಾದ ಮೇಲೆ ನಿಜಲಿಂಗಪ್ಪ ಕೆಟ್ಟ ಚಟಕ್ಕೆ ಬಿದ್ದಿದ್ದಾನೆ, ಮುಚ್ಚಿದ ಖೋಲಿಯಲ್ಲಿ ಕೂತು ತತ್ತಿ ತಿನ್ನುತ್ತಾನೆ ಎಂದು ಇಡೀ ಕಟ್ಟಡಕ್ಕೆ ತಿಳಿದಿತ್ತು. ಕಾಶವ್ವನಿಗೆ ತಲೆಯೆತ್ತಿ ಕಸ ಚೆಲ್ಲಲು ಹೋಗುವುದೂ ಕಷ್ಟವಾಯಿತು.

ಇಷ್ಟೆಲ್ಲ ಮಾನ ಕಳೆದುಕೊಂಡು ಅಂಟಿಸಿದ ಟ್ರೇಗಳ ನಡುವೆ ನಿಂತು ಶಮಂತ್ ಮತ್ತೆ ಚಪ್ಪಾಳೆ ಹೊಡೆದ. ಮತ್ತೆ ಚರ್‌ ಎಂದಿತು. "ಇದು ಬರೀ ರಟ್ಟು ಸರ್. ಕೀರಲು ಸದ್ದನ್ನ ಒಂಚೂರು ಹರಡುತ್ತೆ, ಅಷ್ಟೇ. ದಪ್ಪಗಿರೋದು, ಮೆತ್ತಗಿರೋದು ಬೇಕು," ಎಂದು ತಲೆಯಲ್ಲಾಡಿಸಿ ಹೋದ.

ದಪ್ಪ, ಮೆತ್ತಗೆ ಎಂದೊಡನೆ ನಿಜಲಿಂಗಪ್ಪನ ಕಣ್ಣು ಅಟ್ಟದ ಮೇಲಿನ ಟ್ರಂಕಿನತ್ತ ಹೋಯಿತು. ಅದರ ತುಂಬ ಕೌದಿಗಳಿದ್ದವು, ಸಾಬವ್ವ ಕೈಯಾರೆ ಹೊಲಿದವು. ಕೌದಿಯೆಂದರೆ ಬರೀ ಹೊದಿಕೆಯಲ್ಲ. ಮನೆಯಲ್ಲಿ ಸತ್ತವರ ಸೀರೆ, ಧೋತರ, ರುಮಾಲು, ಕುಪ್ಪಸಗಳೆಲ್ಲ ತುಂಡಾಗಿ, ಪದರದ ಮೇಲೆ ಪದರ ಕೂತು, ಸೂಜಿಗೆ ಸಿಕ್ಕು ಕೌದಿಯಾಗುತ್ತವೆ. ಮನೆತನದ ಅರ್ಧ ಸ್ಮಶಾನ ಅದರೊಳಗೆ ಇರುತ್ತದೆ, ಚಳಿಗಾಲದಲ್ಲಿ ಅದನ್ನೇ ಹೊದ್ದು ಬೆಚ್ಚಗೆ ಮಲಗುತ್ತೇವೆ.

"ಹಿರೇರನ್ನೆಲ್ಲಾ ಹಂಗ ಗ್ವಾಡಿಗಿ ನೇತು ಹಾಕಬ್ಯಾಡ್ರೀ. ಅವ್ರಿಗೂ ಒಂದು ಮಾನ ಅದ," ಎಂದಳು ಕಾಶವ್ವ.

"ಅಪ್ಪನ್ನ ಕರೀಬೇಕಂದ್ರ ಅಪ್ಪನ ಮಂದೀನೂ ಬೇಕಲ್ಲ," ಎಂದ ನಿಜಲಿಂಗಪ್ಪ.

ಶಮಂತನಿಗೆ ಫೋನು ಮಾಡಿದಾಗ ಅವನು ಕುಣಿದ. "ಕೌದಿ ಸೂಪರ್ ಸರ್! ಆದ್ರೆ ಗೋಡೆಗೆ ಒತ್ತಿ ಹಾಕ್ಬೇಡಿ, ಒಂದು ಗೇಣು ಬಿಟ್ಟು ಹಗ್ಗಕ್ಕೆ ನೇತು ಹಾಕಿ. ಮೂಲೆಗಳಲ್ಲಿ ಗಾದಿ ಸುತ್ತಿ ನಿಲ್ಲಿಸಿ, ದಪ್ಪ ಸ್ವರ ಹೋಗಿ ಕೂರೋದೇ ಮೂಲೇಲಿ. ಇನ್ನೊಂದು, ಇದರಿಂದ ಹೊರಗೆ ಏನೂ ಕೇಳ್ಸಲ್ಲ ಅಂದ್ಕೋಬೇಡಿ ಸರ್. ಇದು ಒಳಗಿನ ಗದ್ದಲಕ್ಕೆ ಮಾತ್ರ ಮದ್ದು." ಈ ಕೊನೆಯ ಮಾತು ಹೇಳುವ ಹೊತ್ತಿಗೆ ನಿಜಲಿಂಗಪ್ಪ ಫೋನು ಇಟ್ಟು ಹಗ್ಗ ಹುಡುಕಲು ಹೋಗಿದ್ದ.

ಖೋಲಿ ಸಿದ್ಧವಾಯಿತು. ಸುತ್ತಲೂ ಬಣ್ಣಬಣ್ಣದ ಚೌಕಗಳು, ಎದುರಿಗೇ ಒಂದು ಹಸಿರು ತುಂಡು. ಬಾಗಿಲ ಹಿಂದೆಯೂ ಕೌದಿ, ಕಿಟಕಿಗೆ ಗಾದಿ. ಫ್ಯಾನು ನಿಂತಿತು, ಬೆಲ್ಲಿನ ವಯರು ಕಿತ್ತುಬಂತು. ಕಾಶವ್ವ ಚಹಾ ಹಿಡಿದು ಒಳಗೆ ಕಾಲಿಟ್ಟು, "ಏನ್ರೀ," ಎಂದಳು. ಆ ಮಾತು ತುಟಿ ದಾಟಿ ಅಲ್ಲೇ ಸತ್ತಿತು. ಜಗತ್ತಿನಲ್ಲಿ ಎಲ್ಲಿ ಮಾತಾಡಿದರೂ ಒಂದಿಷ್ಟಾದರೂ ನಮ್ಮ ಮಾತು ನಮಗೆ ಮರಳುತ್ತದೆ. ಆ ಭಿಕ್ಷೆಯೂ ಇಲ್ಲಿರಲಿಲ್ಲ. ತನ್ನ ಕಿವಿಯೊಳಗೆ ರಕ್ತ ಹರಿಯುವುದು ಅವಳಿಗೆ ಕೇಳಿಸಿತು. ಗಂಡ ಉಗುಳು ನುಂಗಿದ್ದು ತನ್ನ ಹೆಗಲ ಮೇಲೆಯೇ ಯಾರೋ ನುಂಗಿದಂತೆ ಕೇಳಿಸಿತು. ಬಸಿ ಅಲ್ಲೇ ಇಟ್ಟು ಹೊರಗೆ ಓಡಿ ಬಂದಳು.

"ಆ ಖೋಲ್ಯಾಗ ಮಾತಾಡಿದ್ರ ಯಾರೋ ಹಿಂದಿನಿಂದ ಬಾಯಿ ಮುಚ್ಚಿದಂಗ ಆಗ್ತದ. ನಾ ಇನ್ನ ಒಳಗ ಬರಾಂಗಿಲ್ಲ," ಎಂದು ಬಾಗಿಲ ಹೊರಗೆ ನಿಂತು ಘೋಷಿಸಿದಳು.

ನಿಜಲಿಂಗಪ್ಪನಿಗೆ ಮಾತ್ರ ಇದು ಸ್ವರ್ಗವಾಗಿ ಕಂಡಿತು. ಇಷ್ಟು ನಿಶ್ಶಬ್ದವಾದ ಖೋಲಿಯಿಂದ ಹೊರಗೆ ಏನು ಹೋದೀತು? ಎಷ್ಟು ಬೇಕಾದರೂ ಕೂಗಬಹುದು ಎಂದುಕೊಂಡು, ಹೊಕ್ಕುಳಿನಿಂದ ಅಪ್ಪನ ಧ್ವನಿಯನ್ನು ಎಳೆಯತೊಡಗಿದ. ದಿನಾ ಸಂಜೆ ಅಂಗಡಿಯಿಂದ ಬಂದವನೇ ಒಳಗೆ ಸೇರಿ, ಗದ್ದವನ್ನು ಎದೆಗೆ ಒತ್ತಿ, ಕಣ್ಣು ಕೆಂಪಗಾಗುವವರೆಗೆ ಗುಡುಗುವನು.

ಕೌದಿಗಳು ಮಾತಿನ ಅಕ್ಷರಗಳನ್ನೆಲ್ಲ ಹೀರಿಕೊಂಡವು. ದಪ್ಪ ಸ್ವರ ಮಾತ್ರ ಕೌದಿಗೂ ಸಿಗದೆ ಗೋಡೆಗೂ ಸಿಗದೆ ಸೀದಾ ಪಕ್ಕದ ಮನೆಗೆ ಹೋಯಿತು. ಅಲ್ಲಿ ರಂಗೂಬಾಯಿ ದೇವರ ಮುಂದೆ ದೀಪ ಹಚ್ಚಿ ಕೂತಿದ್ದಳು. ಗೋಡೆಯೊಳಗಿಂದ ಯಾರೋ, "ಹೂಂ... ಊಂ..." ಎಂದು ನರಳಿದರು.

ಮರುದಿನ ಸೊಸಾಯಿಟಿಯ ಸೆಕ್ರೆಟರಿ ಕುದಳೆ ಬಂದು ರಂಗೂಬಾಯಿಯ ಗೋಡೆಗೆ ಕಿವಿಯಾನಿಸಿದರು. ಕುದಳೆ ನೀರಿನ ಸೋರಿಕೆ, ಪಾರ್ಕಿಂಗ್ ಜಗಳ, ನಾಯಿಯ ತಂಟೆ ಎಲ್ಲವನ್ನೂ ಬಗೆಹರಿಸಿದ ಅನುಭವಿ. ಆದರೆ ಗೋಡೆಯೇ ನರಳಿದ್ದು ಅವರ ಅವಧಿಯಲ್ಲಿ ಇದೇ ಮೊದಲು. "ಭಿಂತೀತ ಕೋಣೀತರೀ ಕಣ್ಹತಂಯ," ಎಂದು ಗೋಡೆಯಿಂದ ಕಿವಿ ಕಿತ್ತುಕೊಂಡರು. ಗೋಡೆಯೊಳಗೆ ಯಾರೋ ನರಳುತ್ತಿದ್ದಾರೆಂಬ ಅವರ ಮರಾಠಿ ಮಾತು ನಿಜ, ಆದರೆ ಗೋಡೆಯ ಆಚೆ ಇರುವುದು ನಿಜಲಿಂಗಪ್ಪನೊಬ್ಬನೇ ಎಂದು ಇಬ್ಬರೂ ಸೇರಿ ನಿರ್ಧರಿಸಿದರು.

"ಕಾಶವ್ವ, ನಿಮ್ಮವ್ರಿಗಿ ಏನು ರೋಗಾರೀ?" ಎಂದು ಮೆಟ್ಟಿಲ ಹತ್ತಿರ ರಂಗೂಬಾಯಿ ಕೇಳಿದಳು.

"ರೋಗ ಅಲ್ರೀ, ಪುರಾಣ."

"ಪುರಾಣದಾಗ ಮಾತು ಇರ್ತಾವಲ್ರೀ? ಇದ್ರಾಗ ಒಂದೂ ಮಾತಿಲ್ಲ. ನನ್ನ ಮುಂದ ಯಾಕ ಮುಚ್ಚತೀರಿ? ತತ್ತಿ ಭಾಳ ಆದ್ರ ಹೊಟ್ಟಿ ಹಂಗ ನರಳ್ತದ."

ಪಾಪ ಕಾಶವ್ವ! ಗಂಡ ದೆವ್ವ ಕರೆಯುತ್ತಿದ್ದಾನೆ ಎನ್ನುವುದಕ್ಕಿಂತ ಹೊಟ್ಟೆನೋವು ಎನ್ನುವುದೇ ವಾಸಿ ಎಂದು ಸುಮ್ಮನಾದಳು. ಆ ಸುಮ್ಮನಿರುವಿಕೆಯನ್ನು ರಂಗೂಬಾಯಿ ಎರಡೂ ಭಾಷೆಗೆ ತರ್ಜುಮೆ ಮಾಡಿದಳು. ನಿಜಲಿಂಗಪ್ಪ ಇನ್ನು ಹೆಚ್ಚು ದಿನದವನಲ್ಲ ಎಂದಾಯಿತು.

ಶ್ರಾವಣಕ್ಕೆ ಮುಂಚಿನ ಭಾನುವಾರ ಬಂತು. ವಾರವಿಡೀ ಗುಡುಗಿ ಗುಡುಗಿ ನಿಜಲಿಂಗಪ್ಪನ ಗಂಟಲು ಕುಸಿದಿತ್ತು. ಅಪ್ಪನನ್ನು ಎಳೆಯುವ ಬಲ ಉಳಿದಿರಲಿಲ್ಲ. ಆದರೂ ಅಂದೇ ಕಳಿಸಬೇಕಾಗಿದ್ದರಿಂದ, ಮೈಕಿಗೆ ಬಾಯಿ ಹತ್ತಿರ ತಂದು, ಇದ್ದ ಧ್ವನಿಯಲ್ಲೇ ಮೆಲ್ಲಗೆ ಓದಿ ಮುಗಿಸಿದ. ರೆಕಾರ್ಡಿನ ಜೊತೆ ಒಂದು ಫೋಟೋ ಬೇಕೆಂದು ಶಮಂತ್ ಹೇಳಿದ್ದ. ಅದಕ್ಕಾಗಿ ನಿಜಲಿಂಗಪ್ಪ ಅಪ್ಪ ಪುರಾಣಕ್ಕೆ ಕೂರುತ್ತಿದ್ದ ಹಾಗೆಯೇ ಹಣೆ ತುಂಬ, ತೋಳ ತುಂಬ ವಿಭೂತಿ ಬಳಿದುಕೊಂಡ. ರುಮಾಲು ಸುತ್ತಿದ. ಹೆಗಲಿಗೆ ಶಾಲು, ಕೊರಳಿಗೆ ಚೆಂಡುಹೂವಿನ ಹಾರ. ಕೌದಿಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ. ಕಾಶವ್ವ ಹೊಸ್ತಿಲಾಚೆ ನಿಂತೇ ಫೋಟೋ ಹೊಡೆದು, ಹೊರಬಾಗಿಲನ್ನು ಚಿಲಕ ಹಾಕದೆ ಮುಂದೆ ಮಾಡಿಕೊಂಡು, ಜೋಳ ಬೀಸಿಸಲು ಗಿರಣಿಗೆ ಹೋದಳು. ನಿಜಲಿಂಗಪ್ಪ ಎದ್ದು ದೀಪವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆರಿಸಿ, ರೆಕಾರ್ಡು ಹೇಗೆ ಬಂದಿದೆಯೆಂದು ಕೇಳಲು ಸ್ಪೀಕರು ಹಚ್ಚಿ, ಮತ್ತೆ ಅದೇ ಜಾಗದಲ್ಲಿ ಕೂತು ಕಣ್ಣು ಮುಚ್ಚಿದ.

ಇತ್ತ ಸಾಬವ್ವ ಹೇಳಿದ ದಿನಕ್ಕಿಂತ ಮುಂಚೆಯೇ ಸ್ವಾರಗೇಟಿನಲ್ಲಿ ಬಸ್ಸಿಳಿದಿದ್ದಳು. ಸಾಯುವವರಿಗೆ ಅವಸರ ಇರುತ್ತದೆ ಎಂಬುದು ಅವಳ ವಾದ. ನಿಜಲಿಂಗಪ್ಪನ ಫೋನು ಬಂದ್ ಆಗಿತ್ತು. ರಿಕ್ಷಾದವನು ಕೇಳಿದಷ್ಟು ಕೊಟ್ಟು ವಾಕಡ ತಲುಪಿ, ಲಿಫ್ಟಿನ ಮುಂದೆ ಗಂಟು ಇಳಿಸಿದಳು. ಅಲ್ಲಿ ರಂಗೂಬಾಯಿ ಸಿಕ್ಕಳು. ಸಿಗದೆ ಎಲ್ಲಿ ಹೋಗುತ್ತಾಳೆ?

"ನಿಜಲಿಂಗಪ್ಪನ ಕಡಿಯವ್ರೇನ್ರೀ? ಬಂದ್ರ್ಯಾ? ಛಲೋ ಆತು ಬಂದದ್ದು," ಎಂದು ರಂಗೂಬಾಯಿ ನಿಟ್ಟುಸಿರು ಬಿಟ್ಟಳು. "ವಾರಗಟ್ಟಲೆ ನರಳಾಟ ಆಯೀ. ಇವತ್ತ ಮುಂಜಾನಿಂದ ನಿಂತುಬಿಟ್ಟದ."

ಸಾಬವ್ವ ಗಂಟನ್ನು ಅಲ್ಲೇ ಬಿಟ್ಟಳು. ಇಬ್ಬರೂ ಬಾಗಿಲು ದೂಡಿ ಒಳಗೆ ಹೋದರು. ಮನೆಯಲ್ಲಿ ಯಾರೂ ಇಲ್ಲ. ಖೋಲಿಯ ಬಾಗಿಲು ಸರಿಸಿದರೆ ಕತ್ತಲೆ. ಸುತ್ತಲೂ ತಾನೇ ಹೊಲಿದ ಕೌದಿಗಳು ನಿಂತಿವೆ. ನಡುವೆ ಸಣ್ಣ ದೀಪ. ಅದರಾಚೆ ನಿಜಲಿಂಗಪ್ಪ.

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಧರಿಸಿ, ರುಮಾಲು ಸುತ್ತಿ, ಹಾರ ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಸಾಬವ್ವ ತನ್ನ ಗಂಡನನ್ನು ಹಾಗೆ ಕೂಡಿಸಿದ್ದಳು, ಅಣ್ಣನನ್ನು ಹಾಗೆ ಕೂಡಿಸಿದ್ದಳು. ಮಂಜುಗಣ್ಣಿಗೂ ಆ ಕೂತ ರೀತಿ ಗುರುತು ಸಿಕ್ಕಿತು.

"ಅಯ್ಯಯ್ಯೋ ನನ್ನ ನಿಜಲಿಂಗಾ! ನನಕಿಂತ ಮೊದಲ ಹ್ವಾದ್ಯಾ ನನ್ನ ಕೂಸ!" ಎಂದು ಎದೆ ಬಡಿದುಕೊಂಡು ಕುಸಿದಳು.

ರಂಗೂಬಾಯಿ ಅಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಅವಳಿಗೆ ಮಾಡಬೇಕಾದ ಕೆಲಸ ಬಹಳವಿತ್ತು. ಅವಳು ಕುದಳೆಯವರ ಬಾಗಿಲು ತಲುಪಿ, ಕುದಳೆ ಸೊಸಾಯಿಟಿಯ ಗ್ರೂಪಿಗೆ ಕೈಮುಗಿದ ಚಿತ್ರದೊಂದಿಗೆ ಭಾವಪೂರ್ಣ ಶ್ರದ್ಧಾಂಜಲಿ ಕಳಿಸುವಷ್ಟರಲ್ಲಿ ಸಾಬವ್ವ ಎರಡನೆಯ ಸಲವೂ ಉಸಿರೆಳೆದುಕೊಂಡಿರಲಿಲ್ಲ.

ಈಗ ನಿಜಲಿಂಗಪ್ಪನ ಪಾಡು ಕೇಳಿ. ಕಣ್ಣು ಮುಚ್ಚಿ ತನ್ನದೇ ಓದನ್ನು ಕೇಳುತ್ತಿದ್ದಾನೆ. ಓದಿನ ನಡುವೆ ಒಂದು ಹೆಣ್ಣು ಧ್ವನಿ ತನ್ನ ಹೆಸರು ಹಿಡಿದು ಅಳುತ್ತಿದೆ. ಆ ಖೋಲಿಯಲ್ಲಿ ಜೀವಂತ ಮಾತಿಗೂ ರೆಕಾರ್ಡಿಗೂ ವ್ಯತ್ಯಾಸವೇ ಇರಲಿಲ್ಲ. ಎರಡೂ ಒಂದೇ ಥರ ಒಣಗಿಕೊಂಡು, ಯಾವ ದಿಕ್ಕಿನಿಂದ ಎಂದು ತಿಳಿಯದಂತೆ ಕಿವಿಯ ಹತ್ತಿರವೇ ಹುಟ್ಟುತ್ತಿದ್ದವು. ಓದುವಾಗ ಖೋಲಿಯಲ್ಲಿ ತಾನೊಬ್ಬನೇ ಇದ್ದದ್ದು ಖರೆ. ಹಾಗಾದರೆ ಮೈಕಿನೊಳಗೆ ಯಾರು ಹೊಕ್ಕರು? ಕಣ್ಣು ತೆರೆದರೆ ಏನು ಕಾಣುವುದೋ ಎಂದು ಇನ್ನಷ್ಟು ಬಿಗಿಯಾಗಿ ಮುಚ್ಚಿ, ಉಸಿರು ಬಿಗಿಹಿಡಿದು ಕೂತ.

ಅವನು ಹಾಗೆ ಬಿಗಿಯಾಗಿ ಕೂತಷ್ಟೂ ಸಾಬವ್ವನಿಗೆ ಅವನು ಸತ್ತದ್ದು ಖಾತ್ರಿಯಾಯಿತು. ಅವಳು ಅತ್ತಷ್ಟೂ ಅವನಿಗೆ ದೆವ್ವ ಇರುವುದು ಖಾತ್ರಿಯಾಯಿತು. ಹೀಗೆ ಅತ್ತೆ ಅಳಿಯ ಇಬ್ಬರೂ ಒಬ್ಬರನ್ನೊಬ್ಬರು ಪರಲೋಕಕ್ಕೆ ಕಳಿಸಿ ಎದುರುಬದುರು ಕೂತಿದ್ದರು.

ಇದ್ದಕ್ಕಿದ್ದಂತೆ ಸಾಬವ್ವನ ಅಳು ನಿಂತಿತು. ಹೆಣದ ತುಟಿ ಅಲುಗಿರಲಿಲ್ಲ, ಆದರೆ ಖೋಲಿಯಲ್ಲಿ ಯಾರೋ ಓದುತ್ತಿದ್ದರು. ಮೆಲ್ಲಗೆ, ಸಣ್ಣ ಧ್ವನಿಯಲ್ಲಿ, ಮಾತಿನ ಕೊನೆಯನ್ನು ಒಂದಿಷ್ಟು ಎಳೆದು. ಸಾಬವ್ವ ಕಿವಿಗೊಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ಕತ್ತಲೆಯನ್ನು ನೋಡಿದಳು.

"ವೈನೀ..." ಎಂದು ಅಣ್ಣನ ಹೆಂಡತಿಯನ್ನು ಕರೆದಳು. "ಮಲಕವ್ವ ವೈನೀ... ಮಗನ್ನ ಕರಕೊಂಡು ಹೋಗಾಕ ಬಂದೀಯೇನ ನಮ್ಮವ್ವಾ?"

ತಾಯಿಯ ಹೆಸರು ಕೇಳಿದ್ದೇ ನಿಜಲಿಂಗಪ್ಪ ಕಣ್ಣು ಬಿಟ್ಟ. ಸಾಬವ್ವ ಚೀರಿದಳು. ನಿಜಲಿಂಗಪ್ಪನೂ ಚೀರಿದ. ಎರಡು ಚೀರಾಟಗಳನ್ನೂ ಕೌದಿಗಳು ಸದ್ದಿಲ್ಲದೆ ನುಂಗಿಕೊಂಡವು.

ಕಾಶವ್ವ ಹಿಟ್ಟಿನ ಡಬ್ಬಿ ಹೊತ್ತು ಬಂದಾಗ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಕುದಳೆ ಕೈಕಟ್ಟಿ ತಲೆತಗ್ಗಿಸಿ ನಿಂತಿದ್ದರು. ಸುದ್ದಿ ಮುಟ್ಟಿ ಶಮಂತನೂ ಹಾರ ಹಿಡಿದು ಬಂದಿದ್ದ. ಹೆಂಗಸರು ಮೂಗೊರೆಸಿಕೊಳ್ಳುತ್ತಿದ್ದರು. "ಧೀರ ಧರಾ ವಹಿನಿ," ಎಂದು ಕುದಳೆ ಧೈರ್ಯ ಹೇಳಿದರು.

"ಭಾಳ ಛಲೋ ಮನುಷ್ಯ ಇದ್ರು," ಎಂದು ರಂಗೂಬಾಯಿ ಬಿಕ್ಕಿದಳು. "ತತ್ತಿ ತಿಂತಿದ್ರು ಅನ್ನೂದೊಂದು ಬಿಟ್ರ ಏನೂ ಕೊರತಿ ಇರಲಿಲ್ಲ."

"ನಾ ಹಿಟ್ಟು ಬೀಸಿಸಿಕೊಂಡು ಬರೂದ್ರಾಗ ಸಾಯಾಕ ಅವ್ರಿಗೇನು ಅಷ್ಟು ಗಡಿಬಿಡಿ?" ಎಂದು ಕಾಶವ್ವ ಡಬ್ಬಿ ಇಳಿಸದೆಯೇ ಒಳಗೆ ನುಗ್ಗಿದಳು. ಬರುವುದಿಲ್ಲವೆಂದು ಶಪಥ ಮಾಡಿದ ಹೊಸ್ತಿಲನ್ನು ದಾಟಿಯೂ ಆಗಿತ್ತು.

ಒಳಗೆ ನಿಜಲಿಂಗಪ್ಪ ಹಾರ ಹಾಕಿಕೊಂಡೇ ಸಾಬವ್ವನ ಕಾಲ ಹತ್ತಿರ ಕೂತಿದ್ದ. ಸ್ಪೀಕರು ಇನ್ನೂ ಓದುತ್ತಿತ್ತು. ಅವನ ಹೆಗಲು ಮುಟ್ಟಿ ನೋಡಿ, ಬಿಸಿ ಇದೆಯೆಂದು ಖಾತ್ರಿ ಮಾಡಿಕೊಂಡ ಮೇಲೆ ಕಾಶವ್ವ ಅಳತೊಡಗಿದಳು.

"ಸಾಬತ್ತಿ, ಸರಿಯಾಗಿ ಕೇಳು. ಇದು ಅಪ್ಪನ ಧ್ವನಿ. ನಾ ಮಾತು ಕೊಟ್ಟಿದ್ದೆ," ಎನ್ನುತ್ತಿದ್ದ ಅವನು.

"ಎಲ್ಲಿ ಅಪ್ಪನ ಧ್ವನಿಯೋ ಹುಚ್ಚಪ್ಪಾ!" ಎಂದಳು ಸಾಬವ್ವ. "ನಮ್ಮಣ್ಣಗ ಧ್ವನಿ ಎಲ್ಲಿತ್ತು? ನೀ ಸಣ್ಣಾಂವ, ಗುಡೀದಷ್ಟ ನೆನಪಿಟ್ಟಿ. ಗುಡ್ಯಾಗ ಕೂತ್ರ ಕಲ್ಲಿನ ಗ್ವಾಡಿ ಗುಡುಗ್ತಿದ್ವು, ಮಂದಿ ಕೈ ಮುಗೀತಿದ್ರು. ಮನಿಗಿ ಬಂದು ನೀರು ತಾ ಅಂದ್ರ ಬೆಕ್ಕು ಒದರಿದಂಗ ಆಗ್ತಿತ್ತು. ಆ ಧ್ವನಿ ಬೇಕಂದ್ರ ಗುಡೀನ ಕಿತ್ತು ತರಬೇಕು ನೀ."

ಶಮಂತ್ ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, "ನಾನು ಹೇಳಿದ್ದು ಅದನ್ನೇ," ಎಂದು ಗೊಣಗಿದ. ನಿಜಲಿಂಗಪ್ಪನ ಮೀಸೆ ಜೋತುಬಿತ್ತು. ಜೀವಮಾನವಿಡೀ ಕಾದುಕೊಂಡಿದ್ದ ಆಸ್ತಿ ಬೇರೆಯವರ ಗೋಡೆಯದಾಗಿತ್ತು.

"ಹಂಗಾರ ಇದು ಯಾರ ಧ್ವನಿ?" ಎಂದ.

ಸಾಬವ್ವ ಎದುರಿನ ಕೌದಿಯ ಹಸಿರು ತುಂಡನ್ನು ಮುಟ್ಟಿದಳು. "ಇದು ಯಾರ ಸೀರಿ ಗೊತ್ತೇನು? ನಿಮ್ಮವ್ವಂದು. ಲಗ್ನದ ಸೀರಿ. ಈ ಧ್ವನೀನೂ ಆಕೀದ. ಹಿಂಗ ಮಾತಿನ ತುದಿ ಎಳೀತಿದ್ಲು. ಆಕಿ ಹೋದ ದಿನದಿಂದ ನಾ ಈ ಧ್ವನಿ ಕೇಳಿಲ್ಲ. ನಿನ್ನ ಗಂಟಲದಾಗ ಇತ್ತಂತ ಯಾರಿಗಿ ಗೊತ್ತಿತ್ತೋ ನಿಜಲಿಂಗಾ? ಒದರ್ಯಾಡಿ ಒದರ್ಯಾಡಿ ಮುಚ್ಚಿಬಿಟ್ಟಿದ್ದಿ."

ಸ್ಪೀಕರಿನಲ್ಲಿ ಮಲಕವ್ವ ಶರಣರ ಕಥೆ ಮುಂದುವರಿಸಿದಳು. ನಿಜಲಿಂಗಪ್ಪ ತನ್ನದೇ ಧ್ವನಿಯನ್ನು ಬಾಯಿ ತೆರೆದುಕೊಂಡು ಕೇಳಿದ, ಅವನ ಕಣ್ಣಿಂದ ನೀರು ಇಳಿದು ವಿಭೂತಿಯ ಮೇಲೆ ಗೆರೆ ಮಾಡಿತು. ಬಾಗಿಲಲ್ಲಿ ಕುದಳೆಯವರು ಅರ್ಥವಾಗದಿದ್ದರೂ ಟೋಪಿ ತೆಗೆದರು.

"ನನ್ನ ಏನಂತ ಕರೀತಿದ್ಲು ಅವ್ವ?" ಎಂದು ಕೊನೆಗೆ ನಿಜಲಿಂಗಪ್ಪ ಕೇಳಿದ.

"ನಿಜ್ಯಾ ಅಂತಿದ್ಲು. ಇನ್ನೂ ಹಾಲ ಕುಡಿಯೂ ಕೂಸಿಗಿ, 'ನಿಜ್ಯಾ, ಉಂಡೇನೋ' ಅಂತ ಕೇಳ್ತಿದ್ಲು. ನಾವೆಲ್ಲಾ ನಗ್ತಿದ್ವಿ."

"ಕಳಿಸ್ಲಾ ಸರ್ ಕಮಿಟಿಗೆ? ಇಷ್ಟು ಕ್ಲೀನ್ ರೆಕಾರ್ಡು ನಾನು ಕೇಳೇ ಇಲ್ಲ," ಎಂದು ಶಮಂತ್ ಮೆಲ್ಲಗೆ ಕೇಳಿದ.

"ಬ್ಯಾಡ್ರೀ. ನಮ್ಮವ್ವ ಊರ ಮಂದಿ ಮುಂದ ಮಾತಾಡಿದಾಕಿ ಅಲ್ಲ," ಎಂದ ನಿಜಲಿಂಗಪ್ಪ.

ಆ ವರ್ಷ ಸಮಾಜದ ಪುರಾಣವನ್ನು ಹೊಸ ಹಲ್ಲು ಕಟ್ಟಿಸಿಕೊಂಡ ಸಿದ್ದಾರೂಢರೇ ಓದಿದರು. ಮಾತಿಗಿಂತ ಹಲ್ಲಿನ ಸದ್ದೇ ಹೆಚ್ಚು ಕೇಳಿಸಿತು ಎಂಬುದು ಬೇರೆ ಮಾತು. ಸಾಬವ್ವ ಸಾಯುವ ವಿಚಾರವನ್ನು ಮುಂದೂಡಿ, ವೈನಿಯ ಜೊತೆ ವಾರವಿಡೀ ಖೋಲಿಯಲ್ಲಿ ಕೂತು, ಹಳೆಯ ಜಗಳವೊಂದನ್ನು ಮುಗಿಸಿಕೊಂಡು ಊರಿಗೆ ಹೋದಳು. ನಿಜಲಿಂಗಪ್ಪ ಕೌದಿಗಳನ್ನು ಇಳಿಸಲಿಲ್ಲ. ದಿನಾ ಮುಂಜಾನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮೈಕಿಗೆ ಏನೋ ಮೆಲ್ಲಗೆ ಹೇಳುವುದು, ಅದನ್ನೇ ಹಚ್ಚಿ ಕೇಳುವುದು, ಕೇಳಿದ್ದಕ್ಕೆ, "ಉಂಡೆ ಯವ್ವಾ," ಎಂದು ಉತ್ತರ ಕೊಡುವುದು. ಅಂಗಡಿಯ ಫೋನಿನಲ್ಲಿ ಯಾರಾದರೂ ಮ್ಯಾಡಮ್ ಎಂದರೆ ಈಗ ಅವನು ತಿದ್ದುವುದಿಲ್ಲ.

ಇದೆಲ್ಲ ಕಾಶವ್ವನಿಗೆ ಅರ್ಥವಾಗಿತ್ತು, ಒಪ್ಪಿಗೆಯೂ ಇತ್ತು. ಗಂಡ ಅಂಗಡಿಗೆ ಹೋದ ಒಂದು ಮಧ್ಯಾಹ್ನ ಅವಳು ಆ ಖೋಲಿಯ ಮುಂದೆ ಕಸ ಗುಡಿಸುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲ ಸಂದಿಯಿಂದ ಒಂದು ಧ್ವನಿ, ಮಾತಿನ ತುದಿಯನ್ನು ಎಳೆದು, ಮೆಲ್ಲಗೆ ಕೇಳಿತು.

"ನಿಜ್ಯಾ, ಉಂಡೇನೋ?"

ಗಂಡ ಮಷೀನು ಆರಿಸಲು ಮರೆತಿದ್ದನೋ ಇಲ್ಲವೋ, ಬಾಗಿಲು ತೆರೆದು ನೋಡುವ ಗೋಜಿಗೆ ಕಾಶವ್ವ ಹೋಗಲಿಲ್ಲ. ಅವಳ ಕೈಯಿಂದ ಕಸಬರಿಗೆ ಜಾರಿತು. ಮದುವೆಯಾದಾಗಿನಿಂದ ಒಮ್ಮೆಯೂ ಮಾಡದ ಕೆಲಸವನ್ನು ಅವಳ ಕೈ ತಾನಾಗಿಯೇ ಮಾಡಿತು: ಸೆರಗನ್ನು ಎಳೆದು ತಲೆಯ ತುಂಬ ಹೊದ್ದುಕೊಂಡಳು. ಬಾಗಿಲ ಕಡೆಗೆ ಸ್ವಲ್ಪ ಬಾಗಿ ನಿಂತು, "ಇನ್ನೂ ಇಲ್ರೀ ಅತ್ತಿ," ಎಂದಳು. "ಡಬ್ಬಿ ಕಟ್ಟಿ ಕೊಟ್ಟೀನ್ರಿ. ಎರಡು ರೊಟ್ಟಿ ಜಾಸ್ತೀನ ಇಟ್ಟೀನಿ."